ನೆದರ್‌ಮೋಸ್ಟ್: ತಳಕ್ಕೂ ಕೆಳಗೆ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನಲ್ಲಿ ‘ನೆದರ್‌ಮೋಸ್ಟ್’ ಎಂದೊಂದು ಶಬ್ದವಿದೆ. ಎಲ್ಲಕ್ಕಿಂತ ಕೆಳಗಿನದು ಎಂದರ್ಥ. ಈಗ ಮಾತಿನಲ್ಲಿ ಅದನ್ನು ಬಳಸುವವರು ಕಡಿಮೆ. ಜೇಮ್ಸ್ ದೊರೆಯ ಆಜ್ಞೆಯಂತೆ ಸಿದ್ಧವಾಗಿ 1611ರಲ್ಲಿ ಅಚ್ಚಾದ ಬೈಬಲ್ಲಿನಲ್ಲಿ, ಸೊಲೊಮೋನ ಕಟ್ಟಿಸಿದ ದೇವಾಲಯದ ವರ್ಣನೆ ಬರುವಲ್ಲಿ ಇದು ಸಿಗುತ್ತದೆ. ಗೋಡೆಯ ಸುತ್ತ ಮೂರು ಅಂತಸ್ತಿನ ಕೋಣೆಗಳು. ಕೆಳಗಿನದರ ಅಗಲ 5 ಮೊಳ, ನಡುವಿನದು 6, ಮೇಲಿನದು 7. ಆ 5 ಮೊಳದ ಕೋಣೆಯೇ ನೆದರ್‌ಮೋಸ್ಟ್.

‘ನೆದರ್’ ಎಂದರೆ ಕೆಳಗಿನ. ನೆದರ್‌ಲ್ಯಾಂಡ್ಸ್ ಎಂಬ ತಗ್ಗುನಾಡಿನ ಹೆಸರಿನಲ್ಲಿರುವುದೂ ಇದೇ. ಅದಕ್ಕೆ ‘ಮೋಸ್ಟ್’ ಸೇರಿಸಿದರೆ ‘ಅತ್ಯಂತ ಕೆಳಗಿನ’ ಆಯಿತಲ್ಲ ಎಂದು ಯಾರಿಗೂ ಅನಿಸುತ್ತದೆ. ಇಂಗ್ಲಿಷರಿಗೇ ಹಾಗನಿಸಿತ್ತು. ಆದರೆ ಈ ಬಾಲ ಮೂಲದಲ್ಲಿ ‘ಮೋಸ್ಟ್’ ಅಲ್ಲ, ‘ಮೆಸ್ಟ್’.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ‘ಎಲ್ಲಕ್ಕಿಂತ’ ಎಂಬುದನ್ನು ಹೇಳಲು ‘ಮ’ ಎಂಬ ಹಳೆಯ ಪ್ರತ್ಯಯವೊಂದು ಕೆಲವೇ ಶಬ್ದಗಳಲ್ಲಿ ಉಳಿದಿತ್ತು. ‘ಫೊರ್ಮ’ ಎಂದರೆ ಮೊದಲನೆಯದು. ಕ್ರಮೇಣ ಆ ‘ಮ’ಕಾರದ ಅರ್ಥ ಜನಕ್ಕೆ ಮರೆತುಹೋಯಿತು. ಸಾಲದೆಂದು ಅದರ ಮೇಲೆ, ಅದೇ ಅರ್ಥದ ‘ಎಸ್ಟ್’ ಹಚ್ಚಿದರು. ಮ, ಎಸ್ಟ್ ಎರಡೂ ಕೂಡಿ ‘ಮೆಸ್ಟ್’. ಮುಂದಿನ ತಲೆಮಾರುಗಳು ಅದನ್ನು ‘ಮೋಸ್ಟ್’ ಎಂದುಕೊಂಡು ಹಾಗೇ ಬರೆದವು. ಫೋರ್‌ಮೋಸ್ಟ್, ಅಟ್‌ಮೋಸ್ಟ್, ಇನ್‌ಮೋಸ್ಟ್ ಎಲ್ಲದರ ಕಥೆಯೂ ಇದೇ. ಆ ‘ಫೊರ್ಮ’ದಿಂದಲೇ ‘ಫಾರ್ಮರ್’ ಹುಟ್ಟಿತು. ರೈತನಲ್ಲ, ಮಾಜಿ ಎಂಬರ್ಥದ್ದು.

ನೆದರ್‌ಮೋಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ‘ನೆದರ್’ನಲ್ಲಿರುವ ‘ದರ್’ ಕೂಡ ‘ಅದಕ್ಕಿಂತ’ ಎನ್ನುವ ಹಳೆಯ ಪ್ರತ್ಯಯವೇ, ಸಂಸ್ಕೃತದ ‘ತರ’ದ ಬಳಗ. ಕೆಳಕ್ಕೆ ಎಂಬರ್ಥದ ‘ನಿತರಾಂ’ ಎಂಬ ಸಂಸ್ಕೃತ ಶಬ್ದ ಇದರ ದಾಯಾದಿ. ಅಂದರೆ ಒಂದೇ ಶಬ್ದದಲ್ಲಿ ಮೂರು ಸಲ ಹೋಲಿಕೆ! ಇಷ್ಟು ಕಷ್ಟಪಟ್ಟು ಕೆಳಗಿಳಿದ ಶಬ್ದ ಇನ್ನೊಂದಿರಲಾರದೆಂದು ನನಗನಿಸುತ್ತದೆ.

ಆ ‘ಮ’ಕಾರ ನಮಗೇನೂ ಹೊಸದಲ್ಲ. ಮೊದಲನೆಯದು ಎಂಬರ್ಥದ ಲ್ಯಾಟಿನ್ನಿನ ‘ಪ್ರೀಮುಸ್’ನಲ್ಲಿ, ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ಪರಮ, ಚರಮ, ಅಧಮಗಳಲ್ಲಿ ಇರುವುದು ಅದೇ. ಅಧರವೆಂದರೆ ಕೆಳಗಿನದು, ಆದ್ದರಿಂದಲೇ ಕೆಳತುಟಿ; ಅಧಮವೆಂದರೆ ಎಲ್ಲಕ್ಕಿಂತ ಕೆಳಗಿನದು. ಕವಿಗಳು ಹಾಡಿಹೊಗಳುವ ಅಧರವೂ ಬೈಗುಳದ ಅಧಮನೂ ಒಂದೇ ಮನೆಯವರು.

ಪ್ರತ್ಯಯದ ಮೇಲೆ ಪ್ರತ್ಯಯ ಹೇರುವುದನ್ನು ತಪ್ಪು ಎನ್ನುವ ವೈಯಾಕರಣರಿದ್ದಾರೆ. ‘ಶ್ರೇಷ್ಠ’ ಎಂದರೇ ಎಲ್ಲರಿಗಿಂತ ಮೇಲು. ಆದರೂ ಯಜುರ್ವೇದದ ಮೊದಲ ಮಂತ್ರದಲ್ಲೇ ‘ಶ್ರೇಷ್ಠತಮಾಯ ಕರ್ಮಣೇ’ ಎಂದಿದೆ. ಷೇಕ್ಸ್‌ಪಿಯರನ ಆಂಟನಿ ಸೀಸರನ ಹೆಣದ ಮುಂದೆ ನಿಂತು ‘ಮೋಸ್ಟ್ ಅನ್‌ಕೈಂಡೆಸ್ಟ್’, ಎಂದರೆ ಅತ್ಯಂತ ನಿರ್ದಯತಮ, ಎನ್ನುತ್ತಾನೆ. ಅವನ ಮಾತು ಕೇಳಿದ ರೋಮಿನ ಜನ ದಂಗೆಯೆದ್ದರೇ ಹೊರತು ವ್ಯಾಕರಣ ಕೇಳಲಿಲ್ಲ.

ಕನ್ನಡದ ಗುಣವಾಚಕಗಳಿಗೆ ಇಂಥ ಪ್ರತ್ಯಯಗಳಿಲ್ಲ. ಸ್ಥಾನ ಹೇಳುವ ಶಬ್ದಗಳಲ್ಲಿ ನಾವು ಮೊದಲ ಅಕ್ಷರಗಳನ್ನೇ ಒತ್ತಿ ಇಮ್ಮಡಿಸುತ್ತೇವೆ: ಮೊತ್ತಮೊದಲು, ನಟ್ಟನಡುವೆ, ತುತ್ತತುದಿ, ಕಟ್ಟಕಡೆ. ಇಂಗ್ಲಿಷರು ಹೊರೆಯನ್ನು ಬಾಲಕ್ಕೆ ಕಟ್ಟಿದರು, ನಾವು ತಲೆಗೆ.