ಪರಿಹಾರದ ದೂರು ಮಡಿಕೇರಿಯಲ್ಲಿ, ಪರವಾನಗಿಯ ದೂರು ಕಣ್ಣೂರಿನಲ್ಲಿ

ವಿರಾಜಪೇಟೆಯಿಂದ ಮಾಕುಟ್ಟ ದಾಟಿದರೆ ಕೇರಳ. ದೊಡ್ಡ ಚಿಕಿತ್ಸೆ ಎಂದರೆ ನಮ್ಮವರು ಮೈಸೂರು, ಮಂಗಳೂರಿಗೆ ಹೋಗುವಂತೆ ಕಣ್ಣೂರಿಗೂ ಹೋಗುತ್ತಾರೆ. ಅಲ್ಲಿ ವೈದ್ಯರ ನಿರ್ಲಕ್ಷ್ಯದಿಂದ ಹಾನಿಯಾದರೆ ಯಾವ ರಾಜ್ಯದ ಕಾನೂನು ಅನ್ವಯಿಸುತ್ತದೆ? ನೀವು ಕೇಳುತ್ತಿರುವುದು ಹಣವೋ, ಆಸ್ಪತ್ರೆಯ ಮೇಲೆ ಕ್ರಮವೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ.

ಹಣ ಬೇಕಾದರೆ ಇಡೀ ದೇಶಕ್ಕೆ ಒಂದೇ ಕಾನೂನು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯಲ್ಲಿ ಆಸ್ಪತ್ರೆ ಇರುವಲ್ಲಿಗೋ ಘಟನೆ ನಡೆದಲ್ಲಿಗೋ ಅಲೆಯಬೇಕಿತ್ತು. ಈಗ 34ನೇ ಕಲಮಿನ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಣ್ಣೂರಿನ ಆಸ್ಪತ್ರೆಯೂ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಂದು ಉತ್ತರಿಸಬೇಕು. ಗುಡ್ಡಗಾಡಿನ ಜನರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಈ ಲೆಕ್ಕ ಕಟ್ಟಿದ ಬಿಲ್ಲಿನದು, ಕೇಳುವ ಪರಿಹಾರದ್ದಲ್ಲ.

ಆಸ್ಪತ್ರೆಯ ನೋಂದಣಿ, ರೋಗಿಯ ಹಕ್ಕುಗಳ ವಿಷಯ ಬಂದಾಗ ರಾಜ್ಯದ ಗಡಿ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. 2017ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ದೂರು ಕೇಳುತ್ತದೆ. ಕೇರಳದ್ದು 2018ರ ಬೇರೆಯೇ ಕಾಯ್ದೆ. ಕಣ್ಣೂರಿನ ಆಸ್ಪತ್ರೆಯ ಪರವಾನಗಿಯನ್ನು ಕೊಡಗಿನ ಜಿಲ್ಲಾಧಿಕಾರಿ ಮುಟ್ಟುವಂತಿಲ್ಲ. ಅನೇಕರು ಎಡವುವುದು ಇಲ್ಲೇ: ಇಂಥ ಪ್ರಾಧಿಕಾರಕ್ಕೋ ವೈದ್ಯಕೀಯ ಪರಿಷತ್ತಿಗೋ ದೂರು ಕೊಟ್ಟು ತೀರ್ಪಿಗೆ ಕಾಯುತ್ತಾರೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಇರುವ ಎರಡು ವರ್ಷದ ಗಡುವು ಅದಕ್ಕಾಗಿ ನಿಲ್ಲುವುದಿಲ್ಲ. ತಡವಾದರೆ ಸಮರ್ಪಕ ಕಾರಣ ತೋರಿಸಿ ಮನ್ನಾ ಕೇಳಬೇಕು, ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಮೊದಲ ವಾರದಲ್ಲೇ ದಾಖಲೆಗಳನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನೀತಿ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಹಿಡಿದು ಬರಬೇಡಿ. ಕೇಸ್ ಶೀಟ್, ನರ್ಸುಗಳ ಟಿಪ್ಪಣಿ, ಔಷಧ ಕೊಟ್ಟ ಚಾರ್ಟ್, ಅರಿವಳಿಕೆಯ ದಾಖಲೆ, ಸಹಿ ಮಾಡಿದ ಒಪ್ಪಿಗೆ ಪತ್ರ ಎಲ್ಲವೂ ಬೇಕು. ಯಾವ ಗಂಟೆಯಲ್ಲಿ ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂಬುದು ಅವುಗಳಲ್ಲೇ ಕಾಣುತ್ತದೆ. ಫಲಿತಾಂಶ ಕೆಟ್ಟಿತೆಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ.

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದು ತೀರ್ಪು ಕೊಟ್ಟಿದೆ. ಹೆಸರಿಗಷ್ಟೇ ಕಟ್ಟುವ ನೋಂದಣಿ ಚೀಟಿಯ ದುಡ್ಡಿನಿಂದ ಅದು ಬದಲಾಗದು. ಆಗ ಸಿವಿಲ್ ನ್ಯಾಯಾಲಯವೇ ದಾರಿ. ಮೊದಲು ಸರ್ಕಾರಕ್ಕೆ ಎರಡು ತಿಂಗಳ ನೋಟಿಸ್, ಆಮೇಲೆ ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಕೇಳುವ ಮೊತ್ತದ ಮೇಲೆ ಶುಲ್ಕ. ಕಟ್ಟಲಾಗದವರು ನಿರ್ಗತಿಕ ವಾದಿಯಾಗಿ ಅರ್ಜಿ ಹಾಕಬಹುದು.

ತೋಟದ ಕಾರ್ಮಿಕರು ಒಂದು ಮಾತು ಗಮನಿಸಬೇಕು. ಸೇವಾ ಷರತ್ತಿನಂತೆ ಮಾಲೀಕರು ಆಸ್ಪತ್ರೆಯ ಖರ್ಚು ಭರಿಸಿದ್ದರೆ ಅದು ಉಚಿತ ಸೇವೆಯಲ್ಲ, ಅದೇ ತೀರ್ಪು ಇದನ್ನೂ ಹೇಳಿದೆ. ಅವರೂ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.