ಸೋಂಕು ಹೊತ್ತ ಸೊಳ್ಳೆಯ ತಡಕಾಟ

ಎಲ್ಲರಿಗೂ ನಮಸ್ಕಾರ. ಡೆಂಗಿ ಬಂದರೆ ಮನುಷ್ಯರಿಗೆ ಏನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಅದೇ ವೈರಸ್ಸು ಹೊಕ್ಕ ಸೊಳ್ಳೆಗೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ.

ಮೊದಲು ಕಡಿತವನ್ನು ಹತ್ತಿರದಿಂದ ನೋಡೋಣ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಜಾತಿಯ ಹೆಣ್ಣು ಸೊಳ್ಳೆ ತೋಳಿನ ಮೇಲೆ ಕೂತಾಗ ನಮಗೆ ಕಾಣುವ ಸೊಂಡಿಲು ಬರೀ ಹೊರಗವಸು. ಅದು ಬಾಗಿಕೊಂಡು ಚರ್ಮದ ಹೊರಗೇ ಉಳಿಯುತ್ತದೆ. ಒಳಗಿಳಿಯುವುದು ಕೂದಲಿಗಿಂತ ಸಣ್ಣದಾದ ಆರು ಸೂಜಿಗಳ ಕಟ್ಟು. ಚುಚ್ಚಿದ ಕೂಡಲೇ ರಕ್ತ ಸಿಗುವುದಿಲ್ಲ. ಸೂಜಿಯ ತುದಿ ಅತ್ತಿತ್ತ ಬಾಗುತ್ತ ರಕ್ತನಾಳಕ್ಕಾಗಿ ತಡಕಾಡುತ್ತದೆ, ಹಿಂದೆ ಸರಿದು ಮತ್ತೆ ಇರಿಯುತ್ತದೆ. ಇದೆಲ್ಲ ನಡೆಯುವಾಗಲೇ ಜೊಲ್ಲು ಇಳಿಯುತ್ತಿರುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುಗಳಿವೆ. ಸೋಂಕಿದ ಸೊಳ್ಳೆಯಾದರೆ ವೈರಸ್ಸೂ ಇರುತ್ತದೆ. ಹಾಗಾಗಿ ರೋಗ ದಾಟುವುದಕ್ಕೆ ಸೊಳ್ಳೆಯ ಹೊಟ್ಟೆ ತುಂಬಲೇಬೇಕೆಂದಿಲ್ಲ. ನೀವು ಕೈಬೀಸಿ ಓಡಿಸಿದ, ಒಂದು ತೊಟ್ಟೂ ಕುಡಿಯದ ಸೊಳ್ಳೆ ಅಷ್ಟರಲ್ಲೇ ತನ್ನ ಕೆಲಸ ಮುಗಿಸಿರಬಹುದು.

ರೋಗಿಯ ರಕ್ತದೊಂದಿಗೆ ಬಂದ ವೈರಸ್ಸು ಸೊಳ್ಳೆಯ ಕರುಳಿನಲ್ಲಿ ಬೆಳೆದು, ಸುಮಾರು 8ರಿಂದ 12 ದಿನಗಳಲ್ಲಿ ಜೊಲ್ಲುಗ್ರಂಥಿಯನ್ನು ಸೇರುತ್ತದೆ. ನರಮಂಡಲವನ್ನೂ ಅದು ಬಿಡುವುದಿಲ್ಲ.

1980ರಲ್ಲಿ ಅಮೆರಿಕದ ವಿಜ್ಞಾನಿಗಳು ಲಾ ಕ್ರಾಸ್ ಎಂಬ ಮಿದುಳುಜ್ವರದ ವೈರಸ್ಸು ತಗುಲಿದ ಸೊಳ್ಳೆಗಳನ್ನು ಗಮನಿಸಿದರು. ಅವು ಹೆಚ್ಚು ಸಲ ಚುಚ್ಚಿದವು, ಕಡಿಮೆ ಕುಡಿದವು. ಡೆಂಗಿಯ ವಿಷಯದಲ್ಲಿ ಫಲಿತಾಂಶಗಳು ಅಷ್ಟು ಸಲೀಸಾಗಿಲ್ಲ. 1995ರ ಪ್ರಯೋಗವೊಂದರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. 1997ರ ಇನ್ನೊಂದರಲ್ಲಿ ಸೋಂಕಿದ ಸೊಳ್ಳೆಗಳು ರಕ್ತ ಹೀರಿ ಮುಗಿಸಲು ಹೆಚ್ಚು ಹೊತ್ತು ತೆಗೆದುಕೊಂಡವು. 2022ರಲ್ಲಿ ಸಿಂಗಪುರದ ಸಂಶೋಧಕರು ಇಲಿಗಳ ಮೇಲೆ ಸೊಳ್ಳೆಗಳನ್ನು ಬಿಟ್ಟು ನೋಡಿದಾಗ, ಸೋಂಕಿದವು ಇಲಿಗಳತ್ತ ಹೆಚ್ಚು ಆಕರ್ಷಿತವಾದವು. ಆದರೆ ರಕ್ತ ಸಿಗುವ ಮೊದಲು ಮತ್ತೆ ಮತ್ತೆ ಕಚ್ಚಬೇಕಾಯಿತು.

ವೈರಸ್ಸು ಸೊಳ್ಳೆಯನ್ನು ಆಳಿನಂತೆ ದುಡಿಸಿಕೊಳ್ಳುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ವೈರಸ್ಸಿಗೆ ಹಂಚಿಕೆ ಹೂಡುವ ಬುದ್ಧಿಯಿಲ್ಲ. ಸೊಳ್ಳೆಗೆ ಬರೀ ಹುಷಾರಿಲ್ಲದೆಯೂ ಇರಬಹುದು. ಹುಷಾರಿಲ್ಲದ ಸೊಳ್ಳೆಗೆ ನಾಳ ಹುಡುಕುವುದು ಕಷ್ಟ. ಹೊಟ್ಟೆ ತುಂಬದ್ದು ಪಕ್ಕದಲ್ಲಿ ಕೂತವರ ಬಳಿ ಹೋಗುತ್ತದೆ. ಕಾರಣ ಯಾವುದೇ ಆಗಿರಲಿ, ಲಾಭ ವೈರಸ್ಸಿನದು.

ಇನ್ನೂ ಒಂದು ಸಂಗತಿಯಿದೆ. 2022ರಲ್ಲೇ ಚೀನಾದ ವಿಜ್ಞಾನಿಗಳು ಡೆಂಗಿ ಮತ್ತು ಜಿಕಾ ಸೋಂಕಿದ ಇಲಿಗಳ ವಾಸನೆಯೇ ಬದಲಾಗುವುದನ್ನು ತೋರಿಸಿದರು. ಅವುಗಳ ಚರ್ಮದ ಮೇಲಿನ ಕೆಲವು ಬ್ಯಾಕ್ಟೀರಿಯಾಗಳು ಹೆಚ್ಚಿ, ಅಸಿಟೋಫಿನೋನ್ ಎಂಬ ರಾಸಾಯನಿಕವನ್ನು ಸೂಸುತ್ತವೆ. ಸೊಳ್ಳೆಗಳು ಅದರತ್ತ ಬರುತ್ತವೆ. ಡೆಂಗಿ ರೋಗಿಗಳ ಮೈಯಲ್ಲೂ ಅದರ ಪ್ರಮಾಣ ಹೆಚ್ಚಿತ್ತು. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ, ಸೊಳ್ಳೆಯೂ ಹುಡುಕಿಕೊಂಡು ಬರುತ್ತದೆ. ನಾವೋ, ರಾತ್ರಿ ಕಟ್ಟಿದ ಸೊಳ್ಳೆಪರದೆಯನ್ನು ಬೆಳಗಾಗುತ್ತಲೇ ಮಡಚಿಡುತ್ತೇವೆ. ಈಡಿಸ್ ಕಚ್ಚುವುದು ಹಗಲಿನಲ್ಲಿ.