ಕುರ್ಚಿ ಬಿಟ್ಟ ಮೇಲಿನ ಮಾತು

ಕೇಳುಗರಿಗೆ ನಮಸ್ಕಾರ.

ಕರಾವಳಿಯಿಂದ ಮುಂಬೈಗೆ ಬಂದ ನನ್ನ ತಲೆಮಾರಿನಲ್ಲಿ ಹೋಟೆಲಿನವರಷ್ಟೇ ಬ್ಯಾಂಕಿನವರೂ ಕಣ್ಣಿಗೆ ಬೀಳುತ್ತಿದ್ದರು. ಮದುವೆಮನೆಯಲ್ಲಿ ಯಾರನ್ನಾದರೂ ಪರಿಚಯ ಮಾಡಿಕೊಡುವಾಗ ಊರು, ಮನೆತನ ಆದ ಮೇಲೆ ಬರುತ್ತಿದ್ದದ್ದು ಬ್ಯಾಂಕು. "ಇವರು ಸಿಂಡಿಕೇಟು", "ಅವರು ವಿಜಯಾ", "ಅವರ ಯಜಮಾನರು ಕಾರ್ಪೊರೇಶನ್ನು". ಅಷ್ಟು ಹೇಳಿದರೆ ಸಾಕು, ಸಂಬಳ ಎಷ್ಟಿರಬಹುದು, ವರ್ಗಾವಣೆ ಎಲ್ಲಿಗಾಗಬಹುದು ಎಂಬುದನ್ನೆಲ್ಲ ಕೇಳಿದವರೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮರುವರ್ಷ ಅದೇ ದಿನ, ದೇಶವೆಲ್ಲ ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಸಿಂಡಿಕೇಟು ಕೆನರಾ ಬ್ಯಾಂಕಿಗೂ ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿಗೂ ಸೇರಿದವು. ಒಂದು 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, ಉಳಿದೆರಡು 1925ರಲ್ಲಿ ಮತ್ತು 1906ರಲ್ಲಿ ಉಡುಪಿಯಲ್ಲಿ. ನಾವು ನಿವೃತ್ತರಾದೆವು, ನಮ್ಮ ಹಿಂದೆಯೇ ಬ್ಯಾಂಕುಗಳೂ ನಿವೃತ್ತವಾದವು. ನಾನೂ ಈ ಮೂರರಲ್ಲಿ ಒಂದರವಳು. ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಉಳಿದೆರಡರವರು ಈಗಲೇ ರೇಡಿಯೋ ಆರಿಸಿಯಾರು.

ಈ ವಿಲೀನ ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತು ಬೇಡ. ನನ್ನ ಕುತೂಹಲವೇ ಬೇರೆ. ಮೂವತ್ತೈದು ವರ್ಷ "ನಾನು ಇಂಥ ಬ್ಯಾಂಕು" ಎಂದು ಹೇಳಿಕೊಂಡು ಬಂದವರಿಗೆ, ಹೇಳಿಕೊಳ್ಳಲು ಆ ಬ್ಯಾಂಕೇ ಇಲ್ಲದಂತಾದಾಗ ಒಳಗೆ ಏನಾಗುತ್ತದೆ?

ನಾನು ಕಂಡಂತೆ ಆಗುವುದು ದುಃಖವಲ್ಲ, ಅಳುಕು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, "ನೀವಿಲ್ಲದೆ ಈ ಶಾಖೆ ನಡೆಯುವುದುಂಟೇ" ಎನ್ನುವ ಭಾಷಣ. ಶಾಖೆ ಮರುದಿನವೇ ನಡೆಯುತ್ತದೆ, ಮತ್ತು ಚೆನ್ನಾಗಿಯೇ ನಡೆಯುತ್ತದೆ. ಆ ಸೋಮವಾರ ಬೆಳಿಗ್ಗೆ ಡೊಂಬಿವಲಿಯ ಫಾಸ್ಟ್ ಲೋಕಲಿಗೆ ಓಡುವುದು ಬೇಡ, ಹೆಂಗಸರ ಡಬ್ಬಿಯ ಕಂಬಿಗೆ ಜೋತುಬೀಳುವುದು ಬೇಡ. ಮೊದಲ ವಾರ ಹಬ್ಬ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ತಲೆ ಹಾಕುತ್ತದೆ: ಅಲ್ಲಿ ಜನ ಎದ್ದು ನಿಂತದ್ದು ನನಗೋ, ಕುರ್ಚಿಗೋ? ಕುರ್ಚಿಗೇ ಆಗಿದ್ದರೆ, ನನಗೆ ನಿಜಕ್ಕೂ ಏನು ಬರುತ್ತಿತ್ತು?

ಈ ಪ್ರಶ್ನೆಯನ್ನು ಎದುರಿಸಲಾರದವರಿಗೆ ನಮ್ಮ ಮುಂಬೈಯಲ್ಲಿ ಒಂದು ಸುಲಭದ ದಾರಿ ಇದೆ. ಸಂಘ! ಜಾತಿಗೊಂದು ಸಂಘ, ಊರಿಗೊಂದು ಸಂಘ, ಉಪನಗರಕ್ಕೊಂದು ಸಂಘ. ಒಳ್ಳೆಯ ಕೆಲಸ ಮಾಡಿದ ಸಂಘಗಳು ಬೇಕಷ್ಟಿವೆ. ಹೋಟೆಲ್ ಹುಡುಗರಿಗೆ ರಾತ್ರಿಶಾಲೆ ನಡೆಸಿದ್ದು ಇಂಥ ಸಂಸ್ಥೆಗಳೇ. ಆದರೆ ಬ್ಯಾಂಕಿನ ಕುರ್ಚಿ ಹೋಯಿತೆಂದು ವೇದಿಕೆಯ ಕುರ್ಚಿ ಹಿಡಿದು, ಅದೂ ಹೋದ ಮೇಲೆ ಮಾಜಿ ಅಧ್ಯಕ್ಷ, ನಿಕಟಪೂರ್ವ ಅಧ್ಯಕ್ಷ, ಗೌರವ ಸಲಹೆಗಾರ ಅಂತ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲೂ ಜಾಗ ಸಾಲದ ಹಾಗೆ ಅಚ್ಚು ಹಾಕಿಸುವವರನ್ನು ನೋಡಿದ್ದೇನೆ. ಅದು ಅಳುಕಿಗೆ ಔಷಧಿಯಲ್ಲ, ಅಳುಕಿಗೆ ಹೊದಿಸಿದ ಶಾಲು. ಯಾರಿಗಾದರೂ ಬೇಸರವಾದರೆ ಕ್ಷಮೆ ಇರಲಿ, ಮಾತು ಮಾತ್ರ ಹಿಂದಕ್ಕೆ ತಗೊಳ್ಳುವುದಿಲ್ಲ.

ಅಳುಕು ನಿಜವಾಗಿ ಎದುರಿಗೆ ಬಂದು ನಿಲ್ಲುವುದು ಸಣ್ಣ ಸಂಗತಿಗಳಲ್ಲಿ. ಕೋಟಿಗಟ್ಟಲೆ ಸಾಲ ಮಂಜೂರು ಮಾಡಿದ ಚೀಫ್ ಮ್ಯಾನೇಜರು ಲೈಟ್ ಬಿಲ್ ಕಟ್ಟಲು ಮೊಮ್ಮಗನ ಕೈಗೆ ಫೋನು ಕೊಡುತ್ತಾರೆ. "ಇದೆಲ್ಲ ನಮ್ಮ ಕಾಲದ್ದಲ್ಲಮ್ಮ, ನಮ್ಮ ತಲೆಗೆ ಹತ್ತುವುದಿಲ್ಲ" ಎನ್ನುತ್ತಾರೆ. ನನಗೆ ನಗು ಬರುತ್ತದೆ. ಯಾಕೆಂದರೆ ಇದೇ ಮಾತನ್ನು ಇದೇ ಜನರ ಬಾಯಲ್ಲಿ ನಾನು ಹಿಂದೆಯೂ ಕೇಳಿದವಳು.

ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಆಮೇಲೆ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಎ.ಎಲ್.ಪಿ.ಎಂ. ಅಂತ ಕರೆಯುತ್ತಿದ್ದೆವು. ಯೂನಿಯನ್ನಿನವರು ವಿರೋಧಿಸಿದರು. ಅವರಿಗೆ ನೌಕರಿಯ ಚಿಂತೆ, ಅದು ನ್ಯಾಯವೇ. ಆದರೆ ಯೂನಿಯನ್ನಿಗೂ ಹೇಳಿಕೊಳ್ಳದ ಇನ್ನೊಂದು ಭಯ ಹಲವರಿಗಿತ್ತು. ಹೆಬ್ಬೆರಳ ದಪ್ಪದ ಲೆಡ್ಜರಿನಲ್ಲಿ ಯಾವ ಖಾತೆ ಯಾವ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ತೆರೆಯುತ್ತಿದ್ದವರು, ಹಾಳೆಯ ಮೇಲಿಂದ ಕೆಳಗೆ ಪೆನ್ಸಿಲ್ ಓಡಿಸಿ ಬಾಯಲ್ಲೇ ಕೂಡಿಸುತ್ತಿದ್ದವರು, ಬ್ಯಾಲೆನ್ಸ್ ಸಿಗದ ರಾತ್ರಿ ಎಲ್ಲರೂ ಕೈಚೆಲ್ಲಿದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ "ಎಲ್ಲೋ ಅಂಕಿ ಅದಲುಬದಲಾಗಿದೆ, ಹುಡುಕಿ" ಎನ್ನುತ್ತಿದ್ದವರು, ಇವರೆಲ್ಲ ಕೀಲಿಮಣೆಯ ಮುಂದೆ ಎರಡು ತೋರುಬೆರಳು ಚಾಚಿ ಮಗ್ಗಿ ಕಲಿಯುವ ಮಕ್ಕಳ ಹಾಗೆ ಕೂತರು. ನಲವತ್ತು, ನಲವತ್ತೈದು ವಯಸ್ಸು. "ನಮ್ಮಿಂದಾಗದು" ಎಂದರು. ಆಯಿತು. ಹತ್ತು ಹದಿನೈದು ವರ್ಷ ಕಳೆದು, ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದೇ ಕಂಪ್ಯೂಟರ್ ಜಾಲಕ್ಕೆ ತರುವ ಕೋರ್ ಬ್ಯಾಂಕಿಂಗ್ ಬಂತು. ಕಲಿತದ್ದೆಲ್ಲ ಮತ್ತೆ ಹಳತಾಯಿತು. "ಈ ಸಲ ಖಂಡಿತ ಆಗದು" ಎಂದರು. ಅದೂ ಆಯಿತು. ಈಗ ಅಂಗೈಯಗಲದ ಫೋನಿನ ಮುಂದೆ ಮೂರನೆಯ ಸಲ ಅದೇ ಮಾತು. ಅವರ ಸರ್ವಿಸ್ ರೆಕಾರ್ಡೇ ಅವರ ವಿರುದ್ಧ ಸಾಕ್ಷಿ ಹೇಳುತ್ತಿದೆಯಲ್ಲ!

ಹಾಗೆಂದು ವಯಸ್ಸಿನಿಂದ ಏನೂ ಆಗುವುದಿಲ್ಲ ಎಂದು ನಾನು ಬೂಸಿ ಬಿಡುವವಳಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ ಎಂಬ ಮನಃಶಾಸ್ತ್ರಜ್ಞರು 1956ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ ದಶಕಗಳ ಕಾಲ ನಡೆಸಿದರು. ಅವರಿಗೆ ಕಂಡದ್ದು ಇಷ್ಟು: ಕೆಲಸದ ವೇಗ ಬೇಗ ಇಳಿಯುತ್ತದೆ, ಪದಸಂಪತ್ತು ತರ್ಕದಂಥವು ಹೆಚ್ಚಿನವರಲ್ಲಿ ಅರವತ್ತು ದಾಟುವ ತನಕ ಅಷ್ಟಾಗಿ ಕುಗ್ಗುವುದಿಲ್ಲ. ನಮ್ಮ ತೊಂದರೆ ಏನೆಂದರೆ ನಿಧಾನವಾದದ್ದನ್ನು ನಾವು ದಡ್ಡತನ ಎಂದು ಬರೆದುಕೊಳ್ಳುತ್ತೇವೆ. ಮೊಮ್ಮಗ ಎರಡು ನಿಮಿಷದಲ್ಲಿ ಮಾಡಿದ್ದಕ್ಕೆ ನನಗೆ ಇಪ್ಪತ್ತು ನಿಮಿಷ ಬೇಕು. ಬೇಕಾದರೆ ಏನಾಯಿತು? ಯಾವ ಲೋಕಲ್ ತಪ್ಪಿಹೋಗುತ್ತದೆ ಈಗ?

ಪಿಂಚಣಿದಾರರ ನವೆಂಬರ್ ಗೊತ್ತಲ್ಲ? ವರ್ಷಕ್ಕೊಮ್ಮೆ "ನಾನು ಬದುಕಿದ್ದೇನೆ" ಎಂದು ಬರೆದುಕೊಡುವ ತಿಂಗಳು. ಹಿಂದೆ ಬ್ಯಾಂಕಿಗೆ ಹೋಗಿ ಸಾಲು ನಿಲ್ಲಬೇಕಿತ್ತು. 2014ರಿಂದ ಬೆರಳಚ್ಚು ಕೊಟ್ಟು ಡಿಜಿಟಲ್ ಜೀವನ ಪ್ರಮಾಣಪತ್ರ ಪಡೆಯಬಹುದು. ಆದರೆ ಪಾತ್ರೆ ತಿಕ್ಕಿ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಬದುಕಿದ್ದೇನೆ ಎಂದರೆ ಇಲ್ಲ ಎನ್ನುತ್ತದೆ. 2021ರಿಂದ ಮುಖ ತೋರಿಸಿದರೂ ಆಗುತ್ತದೆ, ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. ಅದೇ ಚೀಫ್ ಮ್ಯಾನೇಜರು ಹೋದ ವರ್ಷ ಬಾಲ್ಕನಿಯ ಬೆಳಕಿಗೆ ಮುಖ ಒಡ್ಡಿ, ಕನ್ನಡಕ ತೆಗೆದು ಹಾಕಿ, ಫೋನಿಗೆ ಕಣ್ಣು ಹೊಡೆಯುತ್ತಿದ್ದದ್ದನ್ನು ಎದುರು ಮನೆಯವರು ಗಾಬರಿಯಿಂದ ನೋಡುತ್ತಿದ್ದರಂತೆ. ಮೊಮ್ಮಗ ಆಗ ಕಾಲೇಜಿಗೆ ಹೋಗಿದ್ದ. ಪ್ರಮಾಣಪತ್ರ ಬಂತು. ಮರುದಿನ ನಮ್ಮ ಪಿಂಚಣಿದಾರರ ವಾಟ್ಸ್ಯಾಪ್ ಗುಂಪಿಗೆ "ಯಾರಿಗಾದರೂ ಸಹಾಯ ಬೇಕಿದ್ದರೆ ಮನೆಗೆ ಬನ್ನಿ" ಎಂದು ಸಂದೇಶ ಹಾಕಿದರು. ನೋಡಿ, ಆ ಸಂದೇಶದಲ್ಲಿ ಹುದ್ದೆ ಇರಲಿಲ್ಲ, ಬರೀ ಹೆಸರು.

ಇನ್ನು ನಮ್ಮ ಕಟ್ಟಡದ ಶೆಟ್ರ ವಿಷಯ. ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದವರು. ಟೇಬಲ್ ಒರೆಸುವ ಹುಡುಗ, ಆಮೇಲೆ ವೇಟರ್, ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ, ಆಮೇಲೆ ಕ್ಯಾಶಿಯರ್, ಕೊನೆಗೆ ಮಾಲಕ. ಇಬ್ಬರು ಮಕ್ಕಳೂ ಹೋಟೆಲು ಬೇಡ ಎಂದರು. ಮೊಣಕಾಲು ಕೈಕೊಟ್ಟಿತು. ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ಬೇರೆಯವರಿಗೆ ನಡೆಸಲು, ಕೊಟ್ಟರು. ತಿಂಗಳಿಗೆ ಇಷ್ಟು ಅಂತ ಹಣ ಮನೆಗೇ ಬರುತ್ತದೆ. ಹೊಟ್ಟೆಗೆ ಕೊರತೆಯಿಲ್ಲ, ನಿದ್ದೆಗೆ ಬಂತು ಕೊರತೆ. ಬೆಳಗಿನ ನಾಲ್ಕಕ್ಕೆ ಎಚ್ಚರ, ಹಾಲು ಬಂತೋ ಇಲ್ಲವೋ, ಭಟ್ಟಿ ಹೊತ್ತಿತೋ ಇಲ್ಲವೋ. ಒಂದು ದಿನ ಹೋಗಿ ಗಿರಾಕಿಯ ಹಾಗೆ ಕೂತು ಇಡ್ಲಿ ಸಾಂಬಾರು ಹೇಳಿದರು. ಹೊಸ ಹುಡುಗ. ತಿಂದು ಮುಗಿಸಿದ ಕೂಡಲೇ ಬಿಲ್ಲು ತಂದು ಇಟ್ಟ. ಗಲ್ಲಾಪೆಟ್ಟಿಗೆಯ ಹಿಂದೆ ಅವರೇ ತೂಗುಹಾಕಿದ ದೇವರ ಪಟ ಹಾಗೇ ಇತ್ತು.

"ನನ್ನ ಹೋಟೆಲಿನಲ್ಲಿ ನಾನೇ ದುಡ್ಡು ಕೊಟ್ಟು ಬಂದೆ ಮಾರಾಯ್ರೆ" ಎಂದರು ನನ್ನ ಹತ್ತಿರ, ಲಿಫ್ಟಿನ ಬಳಿ ನಿಂತು. "ಸಾಂಬಾರಿಗೆ ಹುಳಿ ಜಾಸ್ತಿ ಆಗಿತ್ತು. ಹೇಳಲಿಕ್ಕೆ ನಾನು ಯಾರು?"

ಅವರಿಗೆ ನಾನು ಧೈರ್ಯದ ಮಾತು ಹೇಳಲಿಲ್ಲ. ಐದು ಅವತಾರ ದಾಟಿ ಬಂದ ಮನುಷ್ಯನಿಗೆ ಆರನೆಯದಕ್ಕೆ ನಾನೇನು ಉಪದೇಶ ಮಾಡುವುದು? ಅವರಾಗಿ ಒಂದು ಕೆಲಸ ಮಾಡಿದರು. ಮಠದ ಅನ್ನಸಂತರ್ಪಣೆಗೆ ಅಡುಗೆ ಮಾಡುವವರ ಜೊತೆ ಹೋಗಿ ಕೂತರು. ಅಲ್ಲಿಯ ಮುಖ್ಯಸ್ಥ ಮೂವತ್ತು ದಾಟದ ಭಟ್ಟ. "ಶೆಟ್ರೇ, ಮೊದಲು ತೆಂಗಿನಕಾಯಿ ತುರಿಯಿರಿ" ಎಂದ. ಮೊದಮೊದಲು ಮುಖ ಕೆಂಪಾಯಿತಂತೆ. ಈಗ ಹಿಂದಿನ ರಾತ್ರಿಯೇ ಹೋಗಿ ಎಷ್ಟು ಜನಕ್ಕೆ ಎಷ್ಟು ಸೇರು ಬೇಳೆ ಎಂದು ಆ ಭಟ್ಟನಿಗೆ ಲೆಕ್ಕ ಹೇಳಿಕೊಡುತ್ತಾರೆ, ಅವನಿಂದ ಬೈಸಿಕೊಂಡು ತುರಿಯುತ್ತಾರೆ ಕೂಡ. ನಾಲ್ಕಕ್ಕೆ ಎಚ್ಚರವಾಗುವುದು ನಿಂತಿಲ್ಲ.

ವಿಶ್ವೇಶ್ವರಯ್ಯನವರ ಹೆಸರು ತೆಗೆದರೆ ದೊಡ್ಡವರ ಮಾತು ಬಿಡಿ ಎನ್ನುತ್ತೀರಿ, ಆದರೂ ಒಂದು ಹೇಳಬೇಕು. ಅವರು ಪುಣೆಯಲ್ಲಿ ಓದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿ, ಖಡಕ್‌ವಾಸ್ಲಾಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟು ಕೂರಿಸಿದವರು. ಆ ನೌಕರಿಯನ್ನು ತಾವಾಗಿ ಬಿಟ್ಟದ್ದು 1908ರಲ್ಲಿ. ಮುಂದೆ ಮೈಸೂರಿನ ದಿವಾನಗಿರಿಯನ್ನೂ ತಾವಾಗಿಯೇ ಬಿಟ್ಟರು, ಅರವತ್ತರ ಹತ್ತಿರ. ಅದಾದ ಮೇಲೆ ನಲವತ್ತು ವರ್ಷಕ್ಕೂ ಮಿಕ್ಕಿ ಬದುಕಿ ಕೆಲಸ ಮಾಡಿದರು. ದಿವಾನರೆಂದು ನೆನಪಿಟ್ಟ ನಾವು, ಅವರು ದಿವಾನರಾಗಿದ್ದದ್ದು ಆರೇ ವರ್ಷ ಎಂಬುದನ್ನು ಮರೆಯುತ್ತೇವೆ.

ಗಂಡಸರ ಮಾತೇ ಹೆಚ್ಚಾಯಿತು. ಮನೆ ನೋಡಿಕೊಂಡ ಹೆಂಗಸರಿಗೆ ಬೀಳ್ಕೊಡುಗೆಯೂ ಇಲ್ಲ, ಶಾಲೂ ಇಲ್ಲ. ಒಂದು ದಿನ ಒಗ್ಗರಣೆ ಡಬ್ಬಿ ಸೊಸೆಯ ಕೈಯಲ್ಲಿರುತ್ತದೆ, ಅಷ್ಟೇ. ಅವರ ಅಳುಕು ಇನ್ನೂ ಹಳೆಯದು, ಏಕೆಂದರೆ "ನಿನಗೇನು ಗೊತ್ತಾಗುತ್ತದೆ" ಎಂಬುದನ್ನು ಮದುವೆಯಾದ ದಿನದಿಂದ ಕೇಳಿಕೊಂಡು ಬಂದಿರುತ್ತಾರೆ. ಅಂಥವರು ಕಲೀನಾದ ವಿದ್ಯಾನಗರಿಗೆ ಹೋಗಿ, ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಮಕ್ಕಳ ವಯಸ್ಸಿನವರ ಜೊತೆ ಕೂತು ಎಂ.ಎ. ಮಾಡಿದ್ದುಂಟು. ಪರೀಕ್ಷೆಯ ಹಿಂದಿನ ದಿನ ನನ್ನ ಗೆಳತಿಯೊಬ್ಬಳು ಫೋನು ಮಾಡಿ, "ಪಂಪನೂ ಬೇಡ, ರನ್ನನೂ ಬೇಡ, ಕೈ ನಡುಗುತ್ತಿದೆ ಕಣೇ" ಎಂದಳು. ನಡುಗುವ ಕೈಯಲ್ಲೇ ಬರೆದಳು. ಧೈರ್ಯ ಬರಲಿ, ಆಮೇಲೆ ಹೋಗುತ್ತೇನೆ ಎಂದು ಕೂತಿದ್ದರೆ ಇವತ್ತಿಗೂ ಕೂತೇ ಇರುತ್ತಿದ್ದಳು.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ಅಳುಕೂ ಮನಸ್ಸಿನದಲ್ಲ. ಕಿವಿ ಮಂದವಾದವರು ಮಾತು ಸರಿಯಾಗಿ ಕೇಳದೆ, ತಮ್ಮ ಬುದ್ಧಿಯೇ ಮಂಕಾಯಿತು ಎಂದುಕೊಂಡು ನಾಲ್ಕು ಜನರ ನಡುವಿನಿಂದ ದೂರ ಸರಿಯುತ್ತಾರೆ. ಥೈರಾಯ್ಡ್ ಏರುಪೇರು, ಬಿ12 ಕೊರತೆ ಇವೂ ಮಂಕು ಕವಿಸುತ್ತವೆ, ಮತ್ತು ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಎರಡು ವಾರ ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಿರಬೇಡಿ, ಡಾಕ್ಟರ ಹತ್ತಿರ ಹೋಗಿ. ಮಾತಾಡಲು ಯಾರಾದರೂ ಬೇಕಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹಿರಿಯರಿಗೆಂದೇ ಇನ್ನೊಂದು ಇದೆ, ಎಲ್ಡರ್ ಲೈನ್. ಪೆನ್ನು ಸಿಕ್ಕಿತೇ? ಟೆಲಿ ಮಾನಸ್ 14416. ಎಲ್ಡರ್ ಲೈನ್ 14567. ಮತ್ತೊಮ್ಮೆ ಹೇಳುತ್ತೇನೆ: 14416, 14567.

ನಮಸ್ಕಾರ.